ಈಚಲು ವನದ ಕೊಡಲಿಯಿಂದ ಕಾಂಗ್ರೆಸ್ ಗಾದಿಯವರೆಗೆ

ಈಚಲು ಮರಕ್ಕೆ ಇರುವುದು ಒಂದೇ ಸುಳಿ. ಅದನ್ನು ಕಡಿದರೆ ಮರ ಮತ್ತೆ ಚಿಗುರದು. 1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಕೊಡಲಿ ಹಿಡಿದು ಈಚಲು ವನಕ್ಕೆ ಇಳಿದದ್ದರ ಮರ್ಮ ಇಲ್ಲಿದೆ. ಸಂಜೆ ಮರದ ಕುತ್ತಿಗೆ ಕೆತ್ತಿ ಮಡಕೆ ಕಟ್ಟಿದರೆ ಬೆಳಗಿನ ಜಾವಕ್ಕೆ ಸಿಹಿ ನೀರಾ. ಬಿಸಿಲೇರಿದಂತೆ ಹುಳಿ ಬಂದು ಹೆಂಡ. ಅದರ ಅಬಕಾರಿ ಹಣ ಸೇರುತ್ತಿದ್ದದ್ದು ಮೈಸೂರು ಸರ್ಕಾರದ ಬೊಕ್ಕಸಕ್ಕೆ. ಮರ ಉರುಳಿಸಿದರೆ ಅರಣ್ಯ ಕಾನೂನು ಮುರಿದಂತೆ, ವರಮಾನಕ್ಕೂ ಪೆಟ್ಟು, ಕುಡಿತಕ್ಕೂ ತಡೆ. ಉಪ್ಪು ಕಾಯಿಸಲು ಕಡಲಿಲ್ಲದ ಬಯಲುಸೀಮೆಗೆ ಇದಕ್ಕಿಂತ ಹೊಂದುವ ಸತ್ಯಾಗ್ರಹ ಇರಲಿಲ್ಲ.

ಮುಂದಾಳು ದುರ್ಗದ ವಕೀಲ ಎಸ್. ನಿಜಲಿಂಗಪ್ಪ. 1902ರಲ್ಲಿ ಹಲುವಾಗಲಿನಲ್ಲಿ ಹುಟ್ಟಿ, ದಾವಣಗೆರೆಯಲ್ಲಿ ಓದಿ, ಪುಣೆಯಲ್ಲಿ ಕಾನೂನು ಮುಗಿಸಿದವರು. ಸತ್ಯಾಗ್ರಹಕ್ಕಾಗಿ ಅವರು ಜೈಲು ಕಂಡರು. ಊರಿನವರ ಮೇಲೆ ಬಿದ್ದದ್ದು ಪುಂಡುಗಂದಾಯ, ಅಂದರೆ ಇಡೀ ಹಳ್ಳಿಗೆ ಹೇರುವ ದಂಡದ ತೆರಿಗೆ. ಈ ಹೋರಾಟದ ಮಾತು ಬಂದಾಗ ನಾಯಕರ ಹೆಸರಿನ ಜೊತೆಗೆ ಆ ಮನೆಗಳನ್ನೂ ನೆನೆಯಬೇಕು.

1956ರಲ್ಲಿ ಅವರು ಏಕೀಕೃತ ಮೈಸೂರಿನ ಮೊದಲ ಮುಖ್ಯಮಂತ್ರಿ. 1962ರಲ್ಲಿ ಹೊಸದುರ್ಗದಲ್ಲಿ ಸೋತರು. ಬಾಗಲಕೋಟೆಯಿಂದ ಗೆದ್ದು ಮತ್ತೆ ಮುಖ್ಯಮಂತ್ರಿಯಾದರು. 1968ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು.

ಮರುವರ್ಷದ ರಾಷ್ಟ್ರಪತಿ ಚುನಾವಣೆಯೇ ಪಕ್ಷ ಒಡೆಯಲು ಮುಹೂರ್ತವಾಯಿತು. ಪಕ್ಷದ ಅಭ್ಯರ್ಥಿ ಸಂಜೀವ ರೆಡ್ಡಿ, ಎದುರಿಗೆ ವಿ.ವಿ. ಗಿರಿ. ಈ ಚುನಾವಣೆಯಲ್ಲಿ ಒಟ್ಟು ಮತಮೌಲ್ಯದ ಅರ್ಧ ದಾಟಲೇಬೇಕು. ಯಾರೂ ದಾಟದಿದ್ದರೆ ಹಿಂದುಳಿದವರ ಮತಗಳು ಎರಡನೇ ಪ್ರಾಶಸ್ತ್ಯದಂತೆ ಹಂಚಿಹೋಗುತ್ತವೆ. ಹಾಗಾಗಿಯೇ ನಿಜಲಿಂಗಪ್ಪ, ಮೂರನೇ ಅಭ್ಯರ್ಥಿ ಸಿ.ಡಿ. ದೇಶಮುಖರ ಬೆನ್ನಿಗಿದ್ದ ಜನಸಂಘ, ಸ್ವತಂತ್ರ ಪಕ್ಷಗಳ ಮುಖಂಡರನ್ನು ಕಂಡು, ಎರಡನೇ ಮತ ರೆಡ್ಡಿಯವರಿಗೆ ಕೊಡಿ ಎಂದು ಕೇಳಿದರು. ಲೆಕ್ಕದ ಪ್ರಕಾರ ಸರಿಯಾದ ನಡೆ, ರಾಜಕೀಯವಾಗಿ ದೊಡ್ಡ ಎಡವಟ್ಟು. ಗಿರಿಯವರತ್ತ ಒಲಿದಿದ್ದ ಪ್ರಧಾನಿ ಇಂದಿರಾ ಗಾಂಧಿ ಬಣ ಅದನ್ನೇ ಹಿಡಿದುಕೊಂಡು ಆತ್ಮಸಾಕ್ಷಿಯ ಮತ ಕೇಳಿತು, ಅಂದರೆ ಪಕ್ಷದ ಅಭ್ಯರ್ಥಿಗೆ ಕಟ್ಟುಬೀಳದೆ ಮನಸ್ಸು ಹೇಳಿದಂತೆ ಹಾಕುವ ಮತ. ಬೇಕಿದ್ದದ್ದು 4,18,169, ಮೊದಲ ಸುತ್ತಿನಲ್ಲಿ ಗಿರಿಯವರಿಗೆ 4,01,515. ಹಂಚಿಕೆಯಲ್ಲಿ ಹೆಚ್ಚಿನ ಪಾಲು ರೆಡ್ಡಿಯವರಿಗೇ ಹೋದರೂ ಸಾಲದಾಯಿತು: ಕೊನೆಗೆ ಗಿರಿ 4,20,077, ರೆಡ್ಡಿ 4,05,427.

ನವೆಂಬರ್ 12ರಂದು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಲಾಯಿತು. ಇದನ್ನು ಅಧಿಕಾರದ ಹಟ ಎನ್ನುವವರಿದ್ದಾರೆ. ಆದರೆ ತುರುವನೂರಿನಲ್ಲಿ ಸರ್ಕಾರದ ಕಾನೂನು ಮುರಿದದ್ದೂ ಕಾಂಗ್ರೆಸ್ಸಿನ ಕರೆಗೆ ಓಗೊಟ್ಟೇ. ನಿಜಲಿಂಗಪ್ಪನವರಿಗೆ ಸರ್ಕಾರಕ್ಕಿಂತ ಸಂಸ್ಥೆ, ಅಂದರೆ ಪಕ್ಷ, ದೊಡ್ಡದು. ಮೂವತ್ತು ವರ್ಷದಲ್ಲಿ ಆ ನಂಬಿಕೆ ಬದಲಾಗಿರಲಿಲ್ಲ. ಮತದಾರರ ಲೆಕ್ಕ ಬೇರೆಯಿತ್ತು: 1971ರಲ್ಲಿ ಅವರದೇ ರಾಜ್ಯದ 27 ಲೋಕಸಭಾ ಕ್ಷೇತ್ರಗಳೂ ಇಂದಿರಾ ಪಾಲಾದವು.

2000ದ ಆಗಸ್ಟ್‌ನಲ್ಲಿ ಚಿತ್ರದುರ್ಗದಲ್ಲೇ ತೀರಿಕೊಂಡರು. ಸ್ಮಾರಕ ಊರಿನ ಬಳಿಯ ಸೀಬಾರದಲ್ಲಿದೆ, ಹೆದ್ದಾರಿಯ ಪಕ್ಕದಲ್ಲೇ.