ತಲೆಯಲ್ಲಿ ನೀರು ತುಂಬುವುದಿಲ್ಲ

ಮಳೆ ಹಿಡಿಯಿತು ಅಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ಈ ಮಾತು ಶುರುವಾಗುತ್ತದೆ: "ತಲೇಲಿ ನೀರು ತುಂಬಿದೆ, ಇಳೀತಾನೇ ಇಲ್ಲ." ತಲೆಸ್ನಾನ ಬಿಡುತ್ತಾರೆ. ಮೊಸರು ಬಿಡುತ್ತಾರೆ. ಕಂಬಳಿ ಹೊದ್ದು ಹಬೆ ತಗೊಳ್ಳುತ್ತಾರೆ. ಆದರೂ ಆಷಾಢದಲ್ಲಿ ಕಟ್ಟಿದ ಮೂಗು ದೀಪಾವಳಿ ಬಂದರೂ ಬಿಟ್ಟಿರುವುದಿಲ್ಲ. ತಲೆಗೆ ಹುಯ್ದುಕೊಂಡ ನೀರು ಬುರುಡೆ ದಾಟಿ ಒಳಗಿಳಿಯಲು ದಾರಿಯೇ ಇಲ್ಲ ಅಂತ ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಹಾಗಾಗಿ ಮೂಗು ಕಟ್ಟುವುದು ಹೇಗೆ ಅನ್ನುವುದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ತಿಂಗಳುಗಟ್ಟಲೆ ಕಟ್ಟಿದ ಮೂಗಿನಲ್ಲಿ ಸಿಂಬಳದ ಪಾಲು ಎಷ್ಟೋ ಸಲ ಕಡಿಮೆ. ದಾರಿ ಮುಚ್ಚುವುದು ಒಳಗೋಡೆಯ ಊತ. ಇದನ್ನು ನೀವೇ ಪರೀಕ್ಷಿಸಬಹುದು. ಮೂಗು ಕಟ್ಟಿದ ದಿನ ಗುಡ್ಡ ಹತ್ತಿ, ಇಲ್ಲವೇ ತೋಟದ ಏರಿಯಲ್ಲಿ ಬಿರಬಿರನೆ ನಡೆಯಿರಿ. ಸ್ವಲ್ಪ ಹೊತ್ತಿಗೆ ಉಸಿರು ಸಲೀಸಾಗುತ್ತದೆ. ಸೀನಲಿಲ್ಲ, ಸೀಟಲಿಲ್ಲ, ಏನೂ ಹೊರಗೆ ಬರಲಿಲ್ಲ, ಆದರೂ ಮೂಗು ಬಿಟ್ಟಿತು ಅಲ್ವಾ? ಮೈಗೆ ದುಡಿಮೆ ಬಿದ್ದಾಗ ಮೂಗಿನೊಳಗಿನ ರಕ್ತನಾಳಗಳು ಕುಗ್ಗುತ್ತವೆ, ಗೋಡೆ ತೆಳುವಾಗುತ್ತದೆ, ದಾರಿ ಅಗಲವಾಗುತ್ತದೆ. ಮಲಗಿದರೆ ಇದೇ ಉಲ್ಟಾ. ರಕ್ತ ಅಲ್ಲಿ ಜಾಸ್ತಿ ನಿಂತು, ಯಾವ ಮಗ್ಗುಲಿಗೆ ಮಲಗುತ್ತೀರೋ ಸಾಮಾನ್ಯವಾಗಿ ಆ ಕಡೆಯ ಹೊಳ್ಳೆ ಕಟ್ಟುತ್ತದೆ.

ಟಾರ್ಚ್ ಬಿಟ್ಟು ಕನ್ನಡಿಯಲ್ಲಿ ಹೊಳ್ಳೆಯೊಳಗೆ ನೋಡಿದರೆ ಹೊರಗೋಡೆಯಿಂದ ಚಾಚಿಕೊಂಡ ಒಂದು ಗುಲಾಬಿ ಉಂಡೆ ಕಾಣುತ್ತದೆ. ಒದ್ದೆಯಾಗಿ ಹೊಳೆಯುತ್ತದೆ, ಮುಟ್ಟಿದರೆ ನೋಯುತ್ತದೆ. ಇದನ್ನೇ ನೋಡಿ "ದುರ್ಮಾಂಸ ಬೆಳೆದಿದೆ" ಅಂತ ಹೆದರಿದವರು, ಹೆದರಿಸಿದವರು ಬೇಕಾದಷ್ಟು ಜನ ಇದ್ದಾರೆ. ಅದು ಟರ್ಬಿನೇಟ್. ಎಲ್ಲರಿಗೂ ಇರುತ್ತದೆ, ಇರಲೇಬೇಕು. ಒಳಗೆ ಹೋಗುವ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ದೂಳು ಹಿಡಿದು ಕಳಿಸುವುದು ಅದರ ಕೆಲಸ. ನಿಜವಾದ ದುರ್ಮಾಂಸ, ಅಂದರೆ ಪಾಲಿಪ್, ಬಿಳಿಚಿಕೊಂಡ ದ್ರಾಕ್ಷಿಯ ಹಾಗಿರುತ್ತದೆ, ಮುಟ್ಟಿದರೆ ಸಾಮಾನ್ಯವಾಗಿ ನೋಯುವುದಿಲ್ಲ. ಆದರೆ ಅದು ಹೌದೋ ಅಲ್ಲವೋ ಅಂತ ಹೇಳಬೇಕಾದವರು ಇಎನ್‌ಟಿ ಡಾಕ್ಟರು.

ಟರ್ಬಿನೇಟ್ ತುಂಬ ರಕ್ತದ ಚಿಕ್ಕ ಚಿಕ್ಕ ಕೋಣೆಗಳು. ಆರೋಗ್ಯವಂತರಲ್ಲೂ ಕೆಲವು ಗಂಟೆಗಳಿಗೊಮ್ಮೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಇಳಿಯುತ್ತದೆ, ಆಮೇಲೆ ಅದಲುಬದಲಾಗುತ್ತದೆ. ಜರ್ಮನಿಯ ರಿಚರ್ಡ್ ಕೈಸರ್ ಎಂಬ ವೈದ್ಯ 1895ರಲ್ಲಿ ಇದನ್ನು ವಿವರಿಸಿದ. ಯಾವ ಹೊಳ್ಳೆಯಲ್ಲಿ ಉಸಿರು ಓಡುತ್ತಿದೆ ಅಂತ ನೋಡುವ ನಮ್ಮ ಸ್ವರಶಾಸ್ತ್ರದವರು ಎಡ ಸ್ವರ, ಬಲ ಸ್ವರ ಅಂತ ಇದನ್ನು ಎಷ್ಟೋ ಮೊದಲೇ ಗಮನಿಸಿದ್ದರು. ಅವರ ಕಣ್ಣು ಬಹಳ ಸೂಕ್ಷ್ಮ, ಆ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಯಾವ ಸ್ವರ ಓಡುವಾಗ ಯಾವ ಕೆಲಸಕ್ಕೆ ಹೊರಡಬೇಕು ಅನ್ನುವ ಲೆಕ್ಕಾಚಾರಕ್ಕೆ ಆಧಾರವಿಲ್ಲ.

ಈಗ ಮೆಡಿಕಲ್ ಶಾಪಿನ ಡ್ರಾಪ್ಸ್ ವಿಷಯ. ಆಕ್ಸಿಮೆಟಾಜೋಲಿನ್, ಕ್ಸೈಲೋಮೆಟಾಜೋಲಿನ್ ಇರುವ ಹನಿಗಳು ಆ ರಕ್ತನಾಳಗಳನ್ನು ಹಿಂಡಿಬಿಡುತ್ತವೆ. ಕೆಲವೇ ನಿಮಿಷದಲ್ಲಿ ಸ್ವರ್ಗ. ಆದರೆ ಮೂರರಿಂದ ಐದು ದಿನ ದಾಟಿದರೆ ಆಟ ತಿರುಗುತ್ತದೆ: ಹನಿಯ ಪ್ರಭಾವ ಇಳಿದ ಕೂಡಲೇ ನಾಳಗಳು ಮೊದಲಿಗಿಂತ ಜಾಸ್ತಿ ಉಬ್ಬುತ್ತವೆ, ಮತ್ತೆ ಹನಿ ಬೇಕಾಗುತ್ತದೆ, ಅದರ ಪ್ರಭಾವ ಇನ್ನೂ ಬೇಗ ಇಳಿಯುತ್ತದೆ, ಹೀಗೆ ದಿಂಬಿನ ಕೆಳಗೆ ಬಾಟಲಿ ಇಟ್ಟುಕೊಳ್ಳದೆ ನಿದ್ದೆಯೇ ಬಾರದ ಸ್ಥಿತಿಗೆ ಬಂದವರಿದ್ದಾರೆ. ಆಗ ಮೂಗು ಕಟ್ಟಿಸುತ್ತಿರುವುದು ಔಷಧಿಯೇ. ಇನ್ನು ಶೀತದ ಮಾತ್ರೆಗಳಲ್ಲಿರುವ ಫಿನೈಲ್‌ಎಫ್ರಿನ್, ನುಂಗಿದರೆ ಮೂಗು ಬಿಡಿಸುವುದೇ ಇಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿದೆ. ಮೆಂಥಾಲ್ ಹಚ್ಚಿದಾಗ ಮೂಗು ಬಿಟ್ಟ ಹಾಗಾಗುವುದು ತಂಪಿನ ನರ ಎಚ್ಚರವಾಗುವುದರಿಂದ. ದಾರಿ ಮಾತ್ರ ಇದ್ದಷ್ಟೇ ಇರುತ್ತದೆ.

ಸೈನಸ್ಸಿನ ಕಥೆ ಇನ್ನೂ ಸ್ವಾರಸ್ಯ. ಕೆನ್ನೆ, ಹಣೆ, ಕಣ್ಣುಗಳ ನಡುವೆ, ಮೂಗಿನ ಹಿಂದೆ ಹೀಗೆ ನಾಲ್ಕು ಜೊತೆ ಗಾಳಿಕೋಣೆಗಳಿವೆ. ಅವುಗಳಲ್ಲಿ ತಯಾರಾಗುವ ಲೋಳೆ ಸಣ್ಣ ಕಿಂಡಿಯ ಮೂಲಕ ಮೂಗಿಗೆ ಬರಬೇಕು. ಆದರೆ ಕೆನ್ನೆಯ ಸೈನಸ್ಸಿನ ಕಿಂಡಿ ಇರುವುದು ಮೇಲ್ಭಾಗದಲ್ಲಿ. ತೂಬಿಲ್ಲದ, ಕೋಡಿ ಮಾತ್ರ ಇರುವ ಕೆರೆ ಇದ್ದ ಹಾಗೆ. ಹಾಗಾದರೆ ಲೋಳೆ ಮೇಲೆ ಹತ್ತುವುದು ಹೇಗೆ? ಗೋಡೆಯ ಮೇಲೆಲ್ಲ ಕಣ್ಣಿಗೆ ಕಾಣದ ಕೂದಲಿನಂಥ ಸಿಲಿಯಾಗಳಿವೆ. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತ, ನಿಮಿಷಕ್ಕೆ ಕೆಲವೇ ಮಿಲಿಮೀಟರಿನಂತೆ ಲೋಳೆಯನ್ನು ಕಿಂಡಿಯ ಕಡೆಗೇ ತಳ್ಳುತ್ತವೆ.

ಇದು ಗೊತ್ತಿಲ್ಲದೆ ವೈದ್ಯರೂ ಬಹಳ ಕಾಲ ಪೆಟ್ಟು ತಿಂದರು. 1893ರಲ್ಲಿ ನ್ಯೂಯಾರ್ಕಿನ ಕಾಲ್ಡ್‌ವೆಲ್, 1897ರಲ್ಲಿ ಪ್ಯಾರಿಸ್ಸಿನ ಲುಕ್, ಮೇಲ್ತುಟಿಯ ಒಳಗಿನಿಂದ ಮೂಳೆ ಕೊರೆದು ಸೈನಸ್ ಸ್ವಚ್ಛ ಮಾಡಿ, ಕೆಳಗಡೆ ಹೊಸ ತೂತು ಮಾಡುವ ಶಸ್ತ್ರಚಿಕಿತ್ಸೆ ತಂದರು. ನೀರು ತಾನಾಗಿ ಇಳಿಯುತ್ತದೆ ಅನ್ನುವ ಲೆಕ್ಕ. ಸಿಲಿಯಾಗಳು ಆ ತೂತನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಲೋಳೆಯನ್ನು ಹಳೇ ಕಿಂಡಿಗೇ ಒಯ್ಯುತ್ತಿದ್ದವು! ಆಸ್ಟ್ರಿಯಾದ ಗ್ರಾಜ್ ನಗರದ ವಾಲ್ಟರ್ ಮೆಸರ್‌ಕ್ಲಿಂಗರ್ ಮೂಗಿನೊಳಗೆ ಇಳಿಸಿ ನೋಡುವ ಎಂಡೋಸ್ಕೋಪ್ ಹಿಡಿದು ಈ ದಾರಿಗಳನ್ನು ತೋರಿಸಿದ ಮೇಲೆ ವಿಚಾರ ಬದಲಾಯಿತು. ಇವತ್ತಿನ ಆಪರೇಷನ್‌ನಲ್ಲಿ ಹಳೇ ಕಿಂಡಿಯನ್ನೇ ಅಗಲ ಮಾಡುತ್ತಾರೆ.

ಕಿಂಡಿಯ ಸುತ್ತ ಊತ ಬಂದರೆ ಸೈನಸ್ ಬಂದ್. ಕೆನ್ನೆ ಭಾರ, ವಾಸನೆ ಗೊತ್ತಾಗದಿರುವುದು, ಗಂಟಲಿಗೆ ಲೋಳೆ ಇಳಿಯುವುದು ಎಲ್ಲ ಅಲ್ಲಿಂದ. 12 ವಾರ ದಾಟಿದರೆ ದೀರ್ಘಕಾಲದ ಸೈನಸೈಟಿಸ್ ಅನ್ನುತ್ತಾರೆ. ಹಾಗಂತ ಹಣೆ ನೋವೆಲ್ಲ ಸೈನಸ್ ಅಲ್ಲ. ತಮಗೆ ಸೈನಸ್ ತಲೆನೋವು ಅಂದುಕೊಂಡಿದ್ದ ಸುಮಾರು 3000 ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 88 ಜನರ ಲಕ್ಷಣ ಮೈಗ್ರೇನಿನದು. ಸಿಂಬಳ ಹಸಿರಾದ ತಕ್ಷಣ ಆಂಟಿಬಯೋಟಿಕ್ ಬೇಕು ಅನ್ನುವುದೂ ತಪ್ಪು. ಆ ಹಸಿರು ನಮ್ಮದೇ ಬಿಳಿ ರಕ್ತಕಣಗಳಲ್ಲಿರುವ ಕಿಣ್ವದ ಬಣ್ಣ, ವೈರಸ್ ಶೀತದಲ್ಲೂ ಬರುತ್ತದೆ.

ಮಲೆನಾಡಿನಲ್ಲಿ ಊತಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮಳೆಗಾಲದಲ್ಲಿ ಗೋಡೆಗೆ ಆನಿಸಿಟ್ಟ ಹಾಸಿಗೆಯನ್ನು ಈಚೆಗೆ ಎಳೆದು ನೋಡಿ. ಗೋಡೆ ಮೇಲೆ ಕಪ್ಪು ಚುಕ್ಕೆ ಚುಕ್ಕೆ ಬೂಸ್ಟು, ಮೂಗಿಗೆ ಬಡಿಯುವ ಮುಗ್ಗು ವಾಸನೆ. ಹಾಸಿಗೆಯೊಳಗೆ ಕಣ್ಣಿಗೆ ಕಾಣದ ದೂಳುಹುಳಗಳು. ಅವು ನೀರು ಕುಡಿಯುವುದಿಲ್ಲ, ಗಾಳಿಯ ತೇವ ಹೀರಿ ಬದುಕುತ್ತವೆ. ನಮ್ಮ ಜೂನ್, ಜುಲೈ ಅವಕ್ಕೆ ಸುಗ್ಗಿ. ಅವುಗಳ ಹಿಕ್ಕೆಯೇ ಅನೇಕರ ಅಲರ್ಜಿಗೆ ಮೂಲ. 60 ಡಿಗ್ರಿ ನೀರಲ್ಲಿ ಹುಳ ಸಾಯುತ್ತದೆ, ಆ ನೀರು ನಮ್ಮ ಬಚ್ಚಲ ಹಂಡೆಯಲ್ಲಿ ದಿನಾ ಕುದಿಯುತ್ತಲೇ ಇರುತ್ತದೆ. ದಿಂಬಿನ ಕವರು, ಹೊದಿಕೆಯನ್ನು ವಾರಕ್ಕೊಮ್ಮೆ ಅದರಲ್ಲಿ ನೆನೆಸಿ. ಆದರೆ ಆ ಒಲೆಯ ಹೊಗೆ ಸಿಲಿಯಾಗಳಿಗೆ ವೈರಿ, ಹಾಗಾಗಿ ಉರಿ ಹಾಕಿ ದೂರ ಬನ್ನಿ.

ಚಿಕಿತ್ಸೆಯಲ್ಲಿ ಎರಡು ಮುಖ್ಯ. ಒಂದು ಉಪ್ಪುನೀರಲ್ಲಿ ಮೂಗು ತೊಳೆಯುವುದು, ನಮ್ಮ ಜಲನೇತಿ. ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡ. ನೀರು ಕುದಿಸಿ ಆರಿಸಿದ್ದೇ ಆಗಬೇಕು. ಅಬ್ಬಿ ನೀರು ತಿಳಿಯಾಗಿದೆ ಅಂತ ಸುಮ್ನೆ ಹಾಗೇ ಬಳಸಬೇಡಿ. ಕೇರಳದಲ್ಲಿ ಜೀವ ತೆಗೆದ ಮಿದುಳಿನ ಅಮೀಬಾ ದೇಹ ಸೇರುವುದು ಮೂಗಿನಿಂದಲೇ. ಎರಡನೆಯದು ಡಾಕ್ಟರು ಬರೆದುಕೊಡುವ ಫ್ಲೂಟಿಕಾಸೋನ್, ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಸ್ಪ್ರೇ. ಇದು ಊತವನ್ನೇ ಇಳಿಸುತ್ತದೆ, ಆದರೆ ನಿಧಾನ. "ಎರಡು ದಿನ ಹೊಡೆದೆ, ಏನೂ ಆಗಲಿಲ್ಲ" ಅಂತ ಬಿಡುವವರೇ ಜಾಸ್ತಿ. ದಿನಾ ಬಳಸಿ, ಎರಡು ವಾರವಾದರೂ ಕಾಯಿರಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹಿಡಿದರೆ ಔಷಧಿ ನಡುಗೋಡೆಗೆ ಬಡಿಯದೆ ಹೊರಗೋಡೆಯ ಕಡೆಗೆ ಹೋಗುತ್ತದೆ. ಹೊಡೆದ ಕೂಡಲೇ ಜೋರಾಗಿ ಸೊರ್ರನೆ ಎಳೆದರೆ ಗಂಟಲಿಗೆ ಇಳಿದು ವ್ಯರ್ಥ.

ಒಂದೇ ಹೊಳ್ಳೆ ಸದಾ ಕಟ್ಟಿ ಅದರಿಂದ ರಕ್ತ ಅಥವಾ ಕೆಟ್ಟ ವಾಸನೆ ಬರುತ್ತಿದ್ದರೆ ಮನೆಮದ್ದಿಗೆ ಕಾಯದೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಮೇಲ್ದವಡೆಯ ಹುಳುಕು ಹಲ್ಲಿನಿಂದಲೂ ಹೀಗಾಗಬಹುದು, ಹಲ್ಲನ್ನೂ ನೋಡಿಸಿ. ಜ್ವರದ ಜೊತೆ ಕಣ್ಣ ಸುತ್ತ ಬಾವು ಬಂದರೆ, ದೃಷ್ಟಿ ಮಂಜಾದರೆ, ಮಳೆ ಎಷ್ಟೇ ಇರಲಿ, ಆ ರಾತ್ರಿಯೇ ಶಿವಮೊಗ್ಗಕ್ಕೆ ಹೊರಡಿ.