ಕೋವಿ ಲೈಸೆನ್ಸೂ ಹಗ್ಗದ ಗುರುತೂ

ಪಂಪ್‌ಸೆಟ್ ಕೇಬಲ್ ಕಳುವಾದ ಊರಿನಿಂದ ಮೊನ್ನೆ ಮೂವರು ಮಂಡ್ಯದ ನನ್ನ ಕಚೇರಿಗೆ ಬಂದಿದ್ದರು. ಕಳ್ಳರು ಬಿಟ್ಟುಹೋದ ಗೇಣುದ್ದದ ತುಂಡನ್ನು ಮೇಜಿನ ಮೇಲಿಟ್ಟು, "ಲಾಯರ್ ಸಾರ್, ರಾತ್ರಿ ಕಾವಲು ನಾವೇ ಕಾಯುತ್ತೇವೆ. ಒಂದು ಕೋವಿ ಲೈಸೆನ್ಸ್ ಮಾಡಿಸಿಕೊಡಿ" ಎಂದರು.

ಅರ್ಜಿಯೇನೋ ಹಾಕಬಹುದು. ಇಲ್ಲಿ ಜಿಲ್ಲಾಧಿಕಾರಿಗೆ, ಮೈಸೂರು ನಗರದಲ್ಲಾದರೆ ಪೊಲೀಸ್ ಆಯುಕ್ತರಿಗೆ. ಸಿಕ್ಕರೆ ಐದು ವರ್ಷ ಚಾಲ್ತಿ. ಆದರೆ ಲೈಸೆನ್ಸ್ ಇರುವುದು ಒಬ್ಬರ ಹೆಸರಿನಲ್ಲಿ. ಸರದಿಯ ಪ್ರಕಾರ ಕೈ ಬದಲಿಸಲು ಕೋವಿ ಊರಹಬ್ಬದ ತಮಟೆಯಲ್ಲ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕಾಗುವುದೂ ಉಂಟು.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ಹಕ್ಕು ಅದರ 34ರಿಂದ 44ನೇ ಕಲಮುಗಳಲ್ಲಿದೆ, ತಿರುಳು ಹಳೆಯದೇ. ನಿಮ್ಮ ಸ್ವತ್ತನ್ನಷ್ಟೇ ಅಲ್ಲ, ಪಕ್ಕದ ಜಮೀನಿನವರದನ್ನೂ ಕಾಪಾಡಬಹುದು. ಸುಲಿಗೆ, ಮನೆಗೆ ಬೆಂಕಿ, ಸೂರ್ಯ ಮುಳುಗಿದ ಮೇಲೆ ಕನ್ನ, ಇಂಥವುಗಳನ್ನು ತಡೆಯುವಾಗ ಬೇರೆ ದಾರಿಯೇ ಇಲ್ಲದೆ ಎದುರಾಳಿಯ ಪ್ರಾಣ ಹೋದರೂ ಕಾನೂನು ರಕ್ಷಣೆ ಕೊಡುತ್ತದೆ. ಗದ್ದೆಯಲ್ಲಿ ಕೇಬಲ್ ಕತ್ತರಿಸುವವನು ಈ ಪಟ್ಟಿಯಲ್ಲಿಲ್ಲ. ಅವನು ತಿರುಗಿಬಿದ್ದು ಜೀವಭಯ ಹುಟ್ಟಿಸಿದರೆ ಮಾತು ಬೇರೆ. ಇಲ್ಲದಿದ್ದರೆ ತಡೆಯಲು ಎಷ್ಟು ಬೇಕೋ ಅಷ್ಟೇ ಬಲ. ಆ ಗಡಿಬಿಡಿಯಲ್ಲಿ ಒಂದು ಏಟು ಹೆಚ್ಚಾದರೆ ನ್ಯಾಯಾಲಯ ಅದನ್ನು ಚಿನ್ನದ ತಕ್ಕಡಿಯಲ್ಲಿ ತೂಗುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು ಹಲವು ಸಲ ಹೇಳಿದೆ.

ನನ್ನ ಕಕ್ಷಿದಾರರು ಮುಗ್ಗರಿಸಿದ್ದು ಆ ಗಡಿಬಿಡಿಯಲ್ಲಲ್ಲ, ಅದು ಮುಗಿದ ಮೇಲೆ. ಹಳೆಯ ಪ್ರಕರಣವೊಂದರ ಗಾಯದ ಪ್ರಮಾಣಪತ್ರ ಇನ್ನೂ ಕಣ್ಣ ಮುಂದಿದೆ: ಒಂಬತ್ತು ಗಾಯ, ಆರು ಬೆನ್ನ ಮೇಲೆ, ಎರಡೂ ಮಣಿಕಟ್ಟುಗಳಲ್ಲಿ ಹಗ್ಗದ ಗುರುತು. ಆತ್ಮರಕ್ಷಣೆ ಎಂದು ಸಾಧಿಸಬೇಕಾದ ಹೊಣೆ ನಮ್ಮದು. ಲೈಟ್ ಕಂಬಕ್ಕೆ ಕಟ್ಟಿದವನಿಂದ ಯಾರಿಗೆ ಅಪಾಯವಿತ್ತು ಎಂದು ನ್ಯಾಯಾಧೀಶರು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಸಾಲದ್ದಕ್ಕೆ ಹುಡುಗರೇ ತೆಗೆದ ಮೊಬೈಲ್ ವಿಡಿಯೋ ಬೇರೆ.

"ಹಾಗಾದರೆ ಮಚ್ಚು ಹಿಡಿದುಕೊಳ್ಳಬಹುದೇ?" ಎಂದ ಮೂವರಲ್ಲಿ ಕಿರಿಯವನು. ಕಬ್ಬು ಕಡಿಯುವ ಮಚ್ಚಿಗೆ ಲೈಸೆನ್ಸ್ ಬೇಡ, ನಿಜ. ಆದರೆ ಅದು ಮನುಷ್ಯನ ಮೈಮೇಲೆ ಮಾಡಿದ ಗಾಯ ಮಾರಕಾಯುಧದ ಕಲಮಿಗೇ ಸೇರುತ್ತದೆ.

ಟಾರ್ಚ್, ಸೀಟಿ, ನಾಲ್ಕೈದು ಜನ, ಗಸ್ತಿನ ಪೊಲೀಸರ ನಂಬರ್ ಇಟ್ಟುಕೊಳ್ಳಿ ಎಂದೆ. ಕಣ್ಣೆದುರೇ ಜಾಮೀನುರಹಿತ ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದ ಅಪರಾಧ, ಮಾಡಿದವನನ್ನು ಯಾರು ಬೇಕಾದರೂ ಹಿಡಿಯಬಹುದು. ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 112ಕ್ಕೆ ಕರೆ ಮಾಡಿದ ಹೊತ್ತನ್ನು ಬರೆದಿಡಿ, ಆಮೇಲೆ ಯಾರೂ ಕೈ ಎತ್ತಬೇಡಿ ಎಂದೂ ಹೇಳಿದೆ.

ಹಿರಿಯರು ನಂಬರ್ ಬರೆದುಕೊಂಡರು. ಕಿರಿಯವನಿಗೆ ಕೋವಿಯ ಅರ್ಜಿ ಫಾರಂ ಬೇಕೇ ಬೇಕಂತೆ. ಕೊಟ್ಟು ಕಳುಹಿಸಿದೆ.