ಲೋಡ್ ಇದ್ದರೆ ಗಾಡಿ ರಸ್ತೆ ಕಚ್ಚುತ್ತದೆಯೇ?

ಪ್ರಶ್ನೆ: ಚಾಮುಂಡಿ ಬೆಟ್ಟದಂಥ ರಸ್ತೆ ಇಳಿಯುವಾಗ ತಿರುವಿನಲ್ಲಿ ಖಾಲಿ ಗಾಡಿಗಿಂತ ತುಂಬಿದ ಗಾಡಿಯೇ ಕ್ಷೇಮವಂತೆ, ನಿಜವೇ?

ಅಲ್ಲ. ಹೋದ ಕಬ್ಬಿನ ಸುಗ್ಗಿಯಲ್ಲೂ ಇದನ್ನೇ ಹೇಳಿದ್ದೆ, ಅದರ ಹಿಂದಿನ ಸುಗ್ಗಿಯಲ್ಲೂ.

'ತೂಕವಿದ್ದರೆ ರಸ್ತೆ ಕಚ್ಚುತ್ತದೆ' ಎಂಬ ಮಾತು ಸಾಯದಿರುವುದು ಅದರಲ್ಲಿ ಅರ್ಧ ಸತ್ಯ ಇರುವುದರಿಂದ. ತೂಕ ಎರಡು ಪಟ್ಟಾದರೆ ಟೈರಿನ ಹಿಡಿತವೂ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಆದರೆ ಆ ಗಾಡಿಯನ್ನು ನೇರ ದಾರಿಯಿಂದ ತಿರುಗಿಸಲು ಬೇಕಾದ ಬಲವೂ ಎರಡು ಪಟ್ಟು. ಬಂದ ಸಂಬಳ ಸಾಲಕ್ಕೆ ಸರಿಹೋಯಿತು. ರಸ್ತೆ ಎಂಜಿನಿಯರುಗಳ ಸೂತ್ರ ಇಷ್ಟೇ: ಗಂಟೆಗೆ ಕಿಲೋಮೀಟರಿನಲ್ಲಿ ಹೇಳಿದ ವೇಗದ ವರ್ಗವನ್ನು ಮೀಟರಿನಲ್ಲಿ ಹೇಳಿದ ತಿರುವಿನ ತ್ರಿಜ್ಯದ 127 ಪಟ್ಟಿನಿಂದ ಭಾಗಿಸಿ, ಬಂದದ್ದು ಹೊರ ಅಂಚಿನ ಏರಿಕೆ (ತಿರುವಿನಲ್ಲಿ ರಸ್ತೆಯ ಹೊರ ಅಂಚನ್ನು ಒಳ ಅಂಚಿಗಿಂತ ಎತ್ತರಿಸಿ ಕೊಟ್ಟ ಓರೆ) ಮತ್ತು ಟೈರು-ರಸ್ತೆ ಘರ್ಷಣೆಯ ಗುಣಾಂಕ, ಇವೆರಡರ ಮೊತ್ತವನ್ನು ದಾಟಬಾರದು. ತೂಕ ಎಲ್ಲಿದೆ, ಹುಡುಕಿ ನೋಡಿ. 50 ಮೀಟರ್ ತ್ರಿಜ್ಯ, ಶೇಕಡ 7 (ಅಂದರೆ 0.07) ಏರಿಕೆ, 0.15 ಘರ್ಷಣೆ ಎಂದಿಟ್ಟುಕೊಂಡರೆ ಸುಮಾರು 37 ಕಿ.ಮೀ. ವೇಗ. ಕಾರಿಗೂ ಅದೇ, ಲಾರಿಗೂ ಅದೇ.

ಹಾಗಾದರೆ ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರುಗಳೇ ಏಕೆ ಮಗುಚುತ್ತವೆ? ಒಂದು ಬೆಂಕಿಪೊಟ್ಟಣ ತನ್ನಿ. ಪುಸ್ತಕದ ಮೇಲೆ ಮಲಗಿಸಿ ಪುಸ್ತಕವನ್ನು ಮೆಲ್ಲಗೆ ಓರೆ ಮಾಡಿ: ಜಾರುತ್ತದೆ. ಅದನ್ನೇ ನೆಟ್ಟಗೆ ನಿಲ್ಲಿಸಿ ಅದರ ಅಗಲ ಮುಖದ ಕಡೆಗೆ ಓರೆ ಮಾಡಿ: ಜಾರುವ ಮೊದಲೇ ಬೀಳುತ್ತದೆ. ಒಂದು ಕಡ್ಡಿಯೂ ಹೆಚ್ಚಾಗಲಿಲ್ಲ, ಎತ್ತರವಷ್ಟೇ ಬದಲಾಯಿತು. ಕ್ಯಾಬಿನ್ನಿಗಿಂತ ಮೇಲೆ ಪೇರಿಸಿದ ಕಬ್ಬು ನಿಂತ ಬೆಂಕಿಪೊಟ್ಟಣವೇ. ತರಗತಿಯಲ್ಲಿ ಇದನ್ನು ಮಾಡಿ ತೋರಿಸಿದ ಮೇಲೆ ಯಾವ ಹುಡುಗನೂ ಸೂತ್ರ ಮರೆತದ್ದಿಲ್ಲ.

ಇಳಿಜಾರಿನಲ್ಲಂತೂ ತೂಕ ಬ್ರೇಕನ್ನು ಕಾಯಿಸುತ್ತದೆ. ಅದೂ ಅಲ್ಲದೆ ಟೈರಿಗಿರುವುದು ಒಂದೇ ಹಿಡಿತ; ಬ್ರೇಕಿಗೆ ಅಷ್ಟು ಕೊಟ್ಟರೆ ತಿರುಗಲು ಉಳಿದಷ್ಟೇ. ಕೆಳಗಿನ ಗೇರು, ಬ್ರೇಕು ಎಲ್ಲ ತಿರುವಿಗೆ ಮೊದಲೇ ಮುಗಿಯಬೇಕು.

'ಹೊರ ಅಂಚನ್ನು ಇನ್ನಷ್ಟು ಎತ್ತರಿಸಿದರೆ ಆಗದೇ' ಎಂದು ಯಾರೂ ಕೇಳಲಿಲ್ಲ, ಕೇಳಬೇಕಿತ್ತು. ರಸ್ತೆಗಳ ಮಾನದಂಡ ಗೊತ್ತುಮಾಡುವ ಎಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ಬಯಲಿನ ರಸ್ತೆಗಳಿಗೆ ಶೇಕಡ 7ರ ಮಿತಿ ಹಾಕಿದೆ. ಹಿಮ ಬೀಳದ ಬೆಟ್ಟಗಳಲ್ಲಿ ಶೇಕಡ 10. ವೇಗದ ಕಾರಿಗೆ ಹೆಚ್ಚಿನ ಏರಿಕೆ ಒಳ್ಳೆಯದೇ. ಆದರೆ ಅದೇ ತಿರುವಿನಲ್ಲಿ ಎತ್ತಿನ ಗಾಡಿಯೂ ಬರುತ್ತದೆ. ಗಾಡಿಯವನು ನಡುವೆ ನಿಲ್ಲಿಸಿ ಬೀಡಿ ಹಚ್ಚಿದರೂ ಹೊರೆ ಒಳಮಗ್ಗುಲಿಗೆ ವಾಲಬಾರದು.